ಪ್ರಿಂಟರ್ ‘ಆಫ್‌ಲೈನ್’ ಎಂದಾಕ್ಷಣ ಕೆಟ್ಟಿದೆ ಎಂದಲ್ಲ

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಇನ್ನು ಕೆಲವೇ ದಿನಗಳಿದ್ದವು. ಪ್ರೌಢಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತರು ಮಕ್ಕಳ ಪ್ರವೇಶಪತ್ರಗಳನ್ನು ಡೌನ್‌ಲೋಡ್ ಮಾಡಿಟ್ಟುಕೊಂಡು ಕುಳಿತಿದ್ದರು. ಅವನ್ನು ಮುದ್ರಿಸಿ, ಮುಖ್ಯೋಪಾಧ್ಯಾಯರ ಸಹಿ ಹಾಕಿಸಿ, ಮಧ್ಯಾಹ್ನದೊಳಗೆ ಹಂಚಬೇಕಿತ್ತು. ಹಿಂದಿನ ಸಂಜೆಯವರೆಗೂ ಚೆನ್ನಾಗಿಯೇ ಇದ್ದ ವೈಫೈ ಪ್ರಿಂಟರ್ ಅಂದು ಬೆಳಿಗ್ಗೆ ‘ಆಫ್‌ಲೈನ್’ ಎಂದು ತೋರಿಸುತ್ತಿತ್ತು. ನಾನು ಹೋಗುವಷ್ಟರಲ್ಲಿ ಅವರು ಪ್ರಿಂಟರನ್ನು ಕಂಪ್ಯೂಟರಿನಿಂದ ತೆಗೆದು ಮತ್ತೆ ಸೇರಿಸುವ ಕೆಲಸವನ್ನು ಮೂರು ಸಲ ಮಾಡಿದ್ದರು. ಒಂದೇ ಪ್ರಿಂಟರ್ ‘ಕಾಪಿ 1’, ‘ಕಾಪಿ 2’ ಎಂಬ ಬಾಲಗಳೊಂದಿಗೆ ಪಟ್ಟಿಯ ತುಂಬ ಕಾಣುತ್ತಿತ್ತು. ಹೊಸದಕ್ಕೆ ಕೊಟೇಶನ್ ತರಿಸುವ ಮಾತೂ ಶುರುವಾಗಿತ್ತು. ನಿಜವಾಗಿ ಕೆಟ್ಟದ್ದು ಏನೂ ಇರಲಿಲ್ಲ. ರಾತ್ರಿ ಕರೆಂಟು ಹೋಗಿ ಬಂದಾಗ ರೂಟರ್ ಆ ಪ್ರಿಂಟರಿಗೆ ಬೇರೊಂದು ವಿಳಾಸ ಕೊಟ್ಟಿತ್ತು. ಕಂಪ್ಯೂಟರು ಮಾತ್ರ ಹಳೆಯ ವಿಳಾಸಕ್ಕೇ ಪುಟಗಳನ್ನು ಕಳುಹಿಸುತ್ತಿತ್ತು.

ಮನೆಗಳಲ್ಲಿ, ಸಣ್ಣ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ನಾನು ಮತ್ತೆ ಮತ್ತೆ ಕಂಡಿರುವುದು ಇದನ್ನೇ. ತೊಂದರೆ ಎಲ್ಲಿದೆ ಎಂದು ನೋಡುವ ಮೊದಲೇ ಡ್ರೈವರ್, ಅಂದರೆ ಕಂಪ್ಯೂಟರಿನಲ್ಲಿ ಪ್ರಿಂಟರನ್ನು ನಡೆಸುವ ತಂತ್ರಾಂಶ, ತೆಗೆಯಲು ಕೈ ಹಾಕುತ್ತಾರೆ. ಮುದ್ರಣದ ಕೆಲಸ ಕಂಪ್ಯೂಟರಿನಿಂದ ಹೊರಟು, ರೂಟರ್ ದಾಟಿ, ಪ್ರಿಂಟರ್ ಸೇರುತ್ತದೆ. ಈ ದಾರಿಯಲ್ಲಿ ಅದು ಎಲ್ಲಿ ನಿಂತಿದೆ ಎಂಬುದನ್ನು ಮೊದಲು ಕಂಡುಕೊಳ್ಳಿ. ಅದಕ್ಕೆ ಹತ್ತು ನಿಮಿಷ ಸಾಕು, ಯಾವ ಸಲಕರಣೆಯೂ ಬೇಡ.

ಮೊದಲ ಎರಡು ಪರೀಕ್ಷೆ

ನಿಮ್ಮದು ಸ್ಕ್ಯಾನರ್ ಕೂಡ ಇರುವ ಪ್ರಿಂಟರ್ ಆಗಿದ್ದರೆ ಗಾಜಿನ ಮೇಲೆ ಒಂದು ಹಾಳೆ ಇಟ್ಟು ಅದರದ್ದೇ ಗುಂಡಿ ಒತ್ತಿ ಜೆರಾಕ್ಸ್ ತೆಗೆಯಿರಿ. ಪ್ರತಿ ಸರಿಯಾಗಿ ಬಂದರೆ ಇಂಕು, ಟೋನರು, ಕಾಗದ ಎಳೆಯುವ ರೋಲರುಗಳ ಮೇಲಿನ ಅನುಮಾನ ಬಿಟ್ಟುಬಿಡಬಹುದು. ಬರದಿದ್ದರೆ ನೆಟ್‌ವರ್ಕ್ ಹುಡುಕುವುದು ವ್ಯರ್ಥ. ಕಾಗದ ಸಿಕ್ಕಿಕೊಂಡಿದೆಯೇ, ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ನೋಡಿ.

ಎರಡನೆಯದಾಗಿ ಮೊಬೈಲಿನಿಂದ ಒಂದು ಪುಟ ಕಳುಹಿಸಿ ನೋಡಿ. ಮೊಬೈಲ್ ಡೇಟಾ ಆಫ್ ಮಾಡಿ, ಪ್ರಿಂಟರ್ ಇರುವ ವೈಫೈಗೇ ಸೇರಿಸಿ, ಯಾವುದಾದರೂ ಚಿತ್ರವನ್ನು ತೆರೆದು ಪ್ರಿಂಟ್ ಒತ್ತಿ. ಈಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಮುದ್ರಣದ ಸೌಲಭ್ಯ ಮೊದಲೇ ಇರುತ್ತದೆ. ಐಫೋನಿನಲ್ಲಿ 2010ರಿಂದಲೂ ಏರ್‌ಪ್ರಿಂಟ್ ಇದೆ. ಮೊಬೈಲಿನಿಂದ ಪುಟ ಬಂತೆಂದರೆ ಪ್ರಿಂಟರೂ ಸರಿ, ರೂಟರೂ ಸರಿ, ದೋಷ ಕಂಪ್ಯೂಟರಿನಲ್ಲಿದೆ. ಈ ಒಂದು ಪರೀಕ್ಷೆಯಿಂದ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ.

ವಿಳಾಸ ಓದಿಕೊಳ್ಳಿ

ಮೊಬೈಲಿನಿಂದಲೂ ಬರದಿದ್ದರೆ, ಅಥವಾ ಕಂಪ್ಯೂಟರಿನ ಮೇಲೇ ಅನುಮಾನವಿದ್ದರೆ, ಮುಂದಿನ ಹೆಜ್ಜೆ ಪ್ರಿಂಟರಿನ ಐಪಿ ವಿಳಾಸ, ಅಂದರೆ ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ, ತಿಳಿಯುವುದು. ಪರದೆ ಇರುವ ಪ್ರಿಂಟರುಗಳಲ್ಲಿ ನೆಟ್‌ವರ್ಕ್ ಮೆನುವಿನಲ್ಲಿ ಅದು ಸಿಗುತ್ತದೆ. ಪರದೆ ಇಲ್ಲದವುಗಳಲ್ಲಿ ವೈಫೈ ಗುಂಡಿಯನ್ನೋ ಮಾಹಿತಿ ಗುಂಡಿಯನ್ನೋ ಒತ್ತಿ ಹಿಡಿದರೆ ನೆಟ್‌ವರ್ಕ್ ವಿವರಗಳ ಒಂದು ಪುಟ ಮುದ್ರಣವಾಗಿ ಬರುತ್ತದೆ. ಯಾವ ಗುಂಡಿ ಎಂಬುದು ಮಾದರಿಯಿಂದ ಮಾದರಿಗೆ ಬೇರೆ, ಕೈಪಿಡಿ ನೋಡಿ.

ಆ ಸಂಖ್ಯೆಯೇ ಬಹಳಷ್ಟನ್ನು ಹೇಳುತ್ತದೆ. 192.168.1.15 ಎಂಬಂತಹ ಸಂಖ್ಯೆ ಇದ್ದರೆ ಸಾಮಾನ್ಯವಾಗಿ ರೂಟರಿನಿಂದ ವಿಳಾಸ ಸಿಕ್ಕಿದೆ ಎಂದು ಅರ್ಥ. 169.254 ಎಂದು ಶುರುವಾದರೆ ಪ್ರಿಂಟರ್ ರೂಟರನ್ನು ಕೇಳಿ, ಉತ್ತರ ಬಾರದೆ, ತನಗೆ ತಾನೇ ಒಂದು ವಿಳಾಸ ಹಾಕಿಕೊಂಡಿದೆ. 0.0.0.0 ಎಂದಿದ್ದರೆ ಅದೂ ಇಲ್ಲ. ಈ ಎರಡು ಸಂದರ್ಭಗಳಲ್ಲಿ ಕಂಪ್ಯೂಟರನ್ನು ಮುಟ್ಟಲೇಬೇಡಿ. ಪ್ರಿಂಟರಿನ ವೈಫೈ ಜೋಡಣೆಯನ್ನು ಹೊಸದಾಗಿ ಮಾಡಬೇಕು.

ಇಲ್ಲಿ ಎಡವುವುದು ಹೆಚ್ಚಾಗಿ ರೂಟರ್ ಬದಲಾದ ಮನೆಗಳಲ್ಲಿ. ಇಂಟರ್‌ನೆಟ್ ಕಂಪನಿಯವರು ಬಂದು ಹೊಸ ಪೆಟ್ಟಿಗೆ ಕೂರಿಸಿ ಹೋಗುತ್ತಾರೆ. ಪ್ರಿಂಟರ್ ಹಳೆಯ ವೈಫೈ ಹೆಸರನ್ನೇ ಹುಡುಕುತ್ತಿರುತ್ತದೆ. ಹೊಸ ರೂಟರಿಗೆ ಹಳೆಯದರ ಹೆಸರನ್ನೂ ಪಾಸ್‌ವರ್ಡನ್ನೂ ಅಕ್ಷರ ತಪ್ಪದಂತೆ ಇಟ್ಟುಬಿಟ್ಟರೆ ಪ್ರಿಂಟರ್, ಟಿವಿ, ಮೊಬೈಲ್ ಎಲ್ಲವೂ ಸಾಮಾನ್ಯವಾಗಿ ತಾವಾಗಿಯೇ ಸೇರಿಕೊಳ್ಳುತ್ತವೆ. ಆಗಲೂ ಸೇರದಿದ್ದರೆ ಎರಡು ಸಂಗತಿ ನೋಡಿ. ಮನೆಬಳಕೆಯ ಅನೇಕ ಪ್ರಿಂಟರುಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಸಿಗುತ್ತದೆ, 5 ಗಿಗಾಹರ್ಟ್ಸ್ ಕಾಣುವುದೇ ಇಲ್ಲ. ಹಾಗೆಯೇ ರೂಟರಿನ ವೈಫೈ ಭದ್ರತೆಯ ಬಗೆ ‘ಡಬ್ಲ್ಯುಪಿಎ3’ ಒಂದೇ ಆಗಿದ್ದರೆ ಹಳೆಯ ಪ್ರಿಂಟರುಗಳು ಒಳಗೆ ಬರಲಾರವು; ‘ಡಬ್ಲ್ಯುಪಿಎ2’ ಮತ್ತು ‘ಡಬ್ಲ್ಯುಪಿಎ3’ ಸೇರಿದ ಮಿಶ್ರ ಆಯ್ಕೆ ಇಡಿ.

ಇಬ್ಬರೂ ಒಂದೇ ಮನೆಯಲ್ಲಿದ್ದಾರೆಯೇ?

ಈಗ ಕಂಪ್ಯೂಟರಿನ ವಿಳಾಸ ನೋಡಬೇಕು. ವಿಂಡೋಸಿನ ಹುಡುಕುವ ಜಾಗದಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ‘ಐಪಿಕಾನ್ಫಿಗ್’ (ipconfig) ಎಂದು ಒಂದೇ ಪದವಾಗಿ ಬರೆದು ಎಂಟರ್ ಒತ್ತಿ. ‘ಐಪಿವಿ4 ಅಡ್ರೆಸ್’ ಎಂಬ ಸಾಲಿನ ಸಂಖ್ಯೆಯನ್ನು ಪ್ರಿಂಟರಿನದರ ಪಕ್ಕದಲ್ಲಿ ಬರೆದುಕೊಳ್ಳಿ. ಮನೆ, ಸಣ್ಣ ಕಚೇರಿಗಳಲ್ಲಿ ಸಾಮಾನ್ಯವಾಗಿ ಮೊದಲ ಮೂರು ಭಾಗಗಳು ಒಂದೇ ಇರಬೇಕು, ಕೊನೆಯದು ಮಾತ್ರ ಬೇರೆ.

ಒಂದು ಕಡೆ 192.168.1, ಇನ್ನೊಂದು ಕಡೆ 192.168.0 ಎಂದಿದ್ದರೆ ಎರಡೂ ಬೇರೆ ಬೇರೆ ಜಾಲಗಳಲ್ಲಿವೆ. ಫೈಬರ್ ಸಂಪರ್ಕದವರು ಕೊಟ್ಟ ಪೆಟ್ಟಿಗೆಯ ಜೊತೆಗೆ ಸಿಗ್ನಲ್ ಚೆನ್ನಾಗಿ ಬರಲೆಂದು ಇನ್ನೊಂದು ರೂಟರ್ ಹಾಕಿಕೊಂಡವರಲ್ಲಿ ಇದು ತೀರಾ ಸಾಮಾನ್ಯ. ಎರಡರಲ್ಲೂ ಇಂಟರ್‌ನೆಟ್ ಬರುವುದರಿಂದ ಅನುಮಾನವೇ ಬರುವುದಿಲ್ಲ. ಎರಡನೆಯ ರೂಟರನ್ನು ‘ಆಕ್ಸೆಸ್ ಪಾಯಿಂಟ್’ ಆಗಿ, ಅಂದರೆ ತಾನು ವಿಳಾಸ ಹಂಚದೆ ವೈಫೈ ಮಾತ್ರ ಕೊಡುವಂತೆ, ಬದಲಾಯಿಸುವುದು ಸರಿಯಾದ ಪರಿಹಾರ. ಅಷ್ಟು ತಿಳಿಯದಿದ್ದರೆ ಪ್ರಿಂಟರನ್ನೂ ಕಂಪ್ಯೂಟರನ್ನೂ ಒಂದೇ ವೈಫೈ ಹೆಸರಿಗೆ ಸೇರಿಸಿ. ‘ಗೆಸ್ಟ್’ ವೈಫೈನಲ್ಲಿರುವ ಕಂಪ್ಯೂಟರ್ ಕೂಡ ಪ್ರಿಂಟರನ್ನು ಕಾಣಲಾರದು, ಏಕೆಂದರೆ ಅತಿಥಿಗಳು ಮನೆಯ ಇತರ ಸಾಧನಗಳನ್ನು ಮುಟ್ಟಬಾರದೆಂದೇ ಅದನ್ನು ಮಾಡಿರುವುದು. ಮನೆಯಿಂದ ಕೆಲಸ ಮಾಡುವವರು ತಮ್ಮ ಕಂಪ್ಯೂಟರನ್ನು ಕಚೇರಿಯ ಜಾಲಕ್ಕೆ ಸೇರಿಸುವ ವಿಪಿಎನ್ ಚಾಲೂ ಇದೆಯೇ ಎಂದು ನೋಡಲಿ. ಅದು ಅನೇಕ ಸಲ ಮನೆಯ ಪ್ರಿಂಟರಿನ ದಾರಿಯನ್ನು ಮುಚ್ಚಿರುತ್ತದೆ.

ಒಂದೇ ಜಾಲದಲ್ಲಿದ್ದರೆ ಅದೇ ಕಪ್ಪು ಕಿಟಕಿಯಲ್ಲಿ ‘ಪಿಂಗ್’ (ping) ಎಂದು ಬರೆದು, ಒಂದು ಸ್ಥಳ ಬಿಟ್ಟು, ಪ್ರಿಂಟರಿನ ವಿಳಾಸ ಕೊಡಿ. ‘ರಿಪ್ಲೈ ಫ್ರಮ್’ ಎಂದು ಆ ವಿಳಾಸದಿಂದಲೇ ನಾಲ್ಕು ಸಾಲು ಬಂದರೆ ದಾರಿ ತೆರೆದಿದೆ. ಇಲ್ಲಿ ಒಂದು ಎಚ್ಚರಿಕೆ. ‘ರಿಪ್ಲೈ’ ಎಂಬ ಪದ ಕಂಡೊಡನೆ ಸಮಾಧಾನ ಪಡಬೇಡಿ. ಸಾಲಿನ ಕೊನೆಯಲ್ಲಿ ‘ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್’ ಎಂದಿದ್ದರೆ ಉತ್ತರ ಕೊಟ್ಟಿರುವುದು ಸಾಮಾನ್ಯವಾಗಿ ನಿಮ್ಮದೇ ಕಂಪ್ಯೂಟರು, ಪ್ರಿಂಟರ್ ಅಲ್ಲ. ಇನ್ನೂ ಖಚಿತವಾಗಬೇಕಿದ್ದರೆ ಬ್ರೌಸರಿನಲ್ಲಿ ವಿಳಾಸ ಬರೆಯುವ ಜಾಗದಲ್ಲಿ ಆ ಸಂಖ್ಯೆ ಹಾಕಿ. ಇಂದಿನ ಬಹುತೇಕ ನೆಟ್‌ವರ್ಕ್ ಪ್ರಿಂಟರುಗಳು ತಮ್ಮದೇ ಒಂದು ಪುಟವನ್ನು ತೆರೆದು ಇಂಕಿನ ಮಟ್ಟವನ್ನೂ ತೋರಿಸುತ್ತವೆ.

ಹಳೆಯ ವಿಳಾಸಕ್ಕೆ ಹೋಗುತ್ತಿರುವ ಪುಟಗಳು

ಪಿಂಗಿಗೆ ಉತ್ತರ ಬರುತ್ತಿದೆ, ಬ್ರೌಸರಿನಲ್ಲಿ ಪುಟ ತೆರೆಯುತ್ತಿದೆ, ಆದರೂ ಕಂಪ್ಯೂಟರು ‘ಆಫ್‌ಲೈನ್’ ಎನ್ನುತ್ತಿದೆ. ಶಾಲೆಯಲ್ಲಿ ಆಗಿದ್ದುದು ಇದೇ. ರೂಟರ್ ತನ್ನ ಬಳಿಯ ಸಾಧನಗಳಿಗೆ ವಿಳಾಸಗಳನ್ನು ಶಾಶ್ವತವಾಗಿ ಬರೆದುಕೊಡುವುದಿಲ್ಲ, ಒಂದು ಅವಧಿಗೆ ಗುತ್ತಿಗೆ ಕೊಡುತ್ತದೆ. ಕರೆಂಟು ಹೋಗಿ ಬಂದ ಮೇಲೆ ಕೆಲವು ರೂಟರುಗಳು ಹಿಂದಿನ ಲೆಕ್ಕವನ್ನು ಮರೆತು, ಮೊದಲು ಕೇಳಿದ ಸಾಧನಕ್ಕೆ ಮೊದಲ ವಿಳಾಸ ಕೊಟ್ಟುಬಿಡುತ್ತವೆ. ನಿನ್ನೆ ಪ್ರಿಂಟರಿನದಾಗಿದ್ದ ಸಂಖ್ಯೆ ಇಂದು ಯಾರದೋ ಮೊಬೈಲಿನ ಪಾಲಾಗಿರಬಹುದು.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು, ‘ಬ್ಲೂಟೂತ್ ಅಂಡ್ ಡಿವೈಸಸ್’ ಒಳಗಿನ ‘ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್’ಗೆ ಹೋಗಿ, ನಿಮ್ಮ ಪ್ರಿಂಟರ್ ಆರಿಸಿ, ‘ಪ್ರಿಂಟರ್ ಪ್ರಾಪರ್ಟೀಸ್’ ಒತ್ತಿ. ಅಲ್ಲಿ ‘ಪೋರ್ಟ್ಸ್’ ಎಂಬ ಭಾಗದಲ್ಲಿ ಗುರುತು ಬಿದ್ದಿರುವ ಸಾಲನ್ನು ನೋಡಿ. ಹಳೆಯ ಸಂಖ್ಯೆ ಇದ್ದರೆ ‘ಆಡ್ ಪೋರ್ಟ್’ ಒತ್ತಿ, ‘ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್’ ಆರಿಸಿ, ಹೊಸ ವಿಳಾಸ ಕೊಟ್ಟು ಮುಗಿಸಿ. ‘ಡಬ್ಲ್ಯುಎಸ್‌ಡಿ’ ಎಂದು ಶುರುವಾಗುವ ಪೋರ್ಟ್ ಇದ್ದರೆ ಅದನ್ನೂ ಬಿಟ್ಟು ಇದಕ್ಕೇ ಬರುವುದು ಲೇಸು. ವಿಂಡೋಸ್ ತಾನಾಗಿ ಪ್ರಿಂಟರ್ ಹುಡುಕಿ ಸೇರಿಸಿದಾಗ ಆ ಬಗೆಯ ಪೋರ್ಟ್ ಬರುತ್ತದೆ. ಪ್ರಿಂಟರ್ ನಿದ್ದೆಗೆ ಜಾರಿ ಎದ್ದ ಮೇಲೆ ಅದು ಸಂಪರ್ಕ ಕಳೆದುಕೊಳ್ಳುವುದನ್ನು ಬಹಳ ಕಡೆ ಕಂಡಿದ್ದೇನೆ. ವಿಳಾಸವೂ ಸರಿ ಇದ್ದು ‘ಆಫ್‌ಲೈನ್’ ಹೋಗದಿದ್ದರೆ ‘ಕಾನ್ಫಿಗರ್ ಪೋರ್ಟ್’ ಒಳಗೆ ‘ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್’ ಎಂಬ ಚೌಕದ ಗುರುತು ತೆಗೆಯಿರಿ. ವಿಂಡೋಸ್ ಆ ಮೂಲಕ ಪ್ರಿಂಟರಿನ ಕ್ಷೇಮ ವಿಚಾರಿಸುತ್ತದೆ. ಪ್ರಿಂಟರ್ ಉತ್ತರಿಸದಿದ್ದರೆ, ಮುದ್ರಿಸಲು ಸಿದ್ಧವಿದ್ದರೂ ಆಫ್‌ಲೈನ್ ಎಂದು ತೀರ್ಮಾನಿಸುತ್ತದೆ.

ಇಷ್ಟಕ್ಕೇ ನಿಲ್ಲಿಸಬೇಡಿ, ಇಲ್ಲದಿದ್ದರೆ ಮುಂದಿನ ಸಲ ಕರೆಂಟು ಹೋದಾಗ ಇದೇ ಕಥೆ. ಬ್ರೌಸರಿನಲ್ಲಿ ರೂಟರಿನ ಸೆಟ್ಟಿಂಗ್ಸ್ ಪುಟ ತೆರೆದು, ವಿಳಾಸ ಹಂಚುವುದನ್ನು ನೋಡಿಕೊಳ್ಳುವ ಡಿಎಚ್‌ಸಿಪಿ ವಿಭಾಗದಲ್ಲಿ ‘ಅಡ್ರೆಸ್ ರಿಸರ್ವೇಶನ್’ ಹುಡುಕಿ. ಪ್ರತಿ ಪ್ರಿಂಟರಿಗೂ ಹನ್ನೆರಡು ಅಂಕಿ–ಅಕ್ಷರಗಳ ಒಂದು ಮ್ಯಾಕ್ ವಿಳಾಸವಿರುತ್ತದೆ. ನೆಟ್‌ವರ್ಕ್ ವಿವರಗಳ ಪುಟದಲ್ಲೇ ಅದು ಅಚ್ಚಾಗಿರುತ್ತದೆ. ಅದನ್ನು ಅಲ್ಲಿ ನಮೂದಿಸಿ ಒಂದು ಐಪಿ ಸಂಖ್ಯೆಯನ್ನು ಕಾದಿರಿಸಿದರೆ ಆ ಸಂಖ್ಯೆ ಇನ್ನು ಬೇರೆಯವರಿಗೆ ಹೋಗುವುದಿಲ್ಲ. ಈ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡಲು ಬಿಡುವಿದೆ ಎನ್ನುವವರು ಇದನ್ನು ಮಾಡಲಿ.

ಕರೆಂಟಿನ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಕರೆಂಟು ಬಂದ ಮೇಲೆ ಮೊದಲು ರೂಟರ್ ಆನ್ ಮಾಡಿ, ಎರಡು ನಿಮಿಷ ಬಿಟ್ಟು ಪ್ರಿಂಟರ್ ಆನ್ ಮಾಡಿ. ರೂಟರಿಗೆ ಸಣ್ಣ ಯುಪಿಎಸ್ ಇದ್ದರೆ ಒಳ್ಳೆಯದೇ. ಆದರೆ ಲೇಸರ್ ಪ್ರಿಂಟರನ್ನು ಕಂಪ್ಯೂಟರಿನ ಯುಪಿಎಸ್ ಬ್ಯಾಟರಿಗೆ ಜೋಡಿಸಬೇಡಿ. ಟೋನರನ್ನು ಕಾಗದಕ್ಕೆ ಬೆಸೆಯುವ ಭಾಗ ಬಿಸಿಯಾಗುವಾಗ ಅದು ಒಮ್ಮೆಲೇ ಎಳೆಯುವ ವಿದ್ಯುತ್ತನ್ನು ಸಣ್ಣ ಯುಪಿಎಸ್ ತಾಳಲಾರದು.

ಸಾಲಿನಲ್ಲಿ ಸಿಕ್ಕಿಕೊಂಡ ಕೆಲಸ

ಮುದ್ರಣಕ್ಕೆ ಕೊಟ್ಟ ಕಡತಗಳು ಮೊದಲು ಕಂಪ್ಯೂಟರಿನ ‘ಪ್ರಿಂಟ್ ಸ್ಪೂಲರ್’ ಬಳಿ ಸಾಲುಗಟ್ಟುತ್ತವೆ. ಸಾಲಿನ ಮೊದಲನೆಯದು ಕೆಟ್ಟರೆ ಹಿಂದಿನವೆಲ್ಲ ಅಲ್ಲೇ. ‘ಡಿಲೀಟಿಂಗ್’ ಎಂದು ತೋರಿಸುತ್ತಲೇ ಇದ್ದು ಅಳಿಯದ ಕೆಲಸ ಕಂಡರೆ ಇದೇ ಕಾರಣ. ‘ಸರ್ವೀಸಸ್’ ತೆರೆದು ಪ್ರಿಂಟ್ ಸ್ಪೂಲರನ್ನು ನಿಲ್ಲಿಸಿ. ಸಿ ಡ್ರೈವಿನಲ್ಲಿ ವಿಂಡೋಸ್, ಅದರೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಎಂಬ ಫೋಲ್ಡರ್ ಇದೆ. ಒಳಗಿರುವ ಕಡತಗಳನ್ನು ಮಾತ್ರ ಅಳಿಸಿ, ಫೋಲ್ಡರನ್ನು ಬಿಡಿ. ಮತ್ತೆ ಸ್ಪೂಲರ್ ಶುರು ಮಾಡಿ. ಕಾಯುತ್ತಿದ್ದ ಕೆಲಸಗಳೆಲ್ಲ ಹೋಗಿಬಿಡುತ್ತವೆ, ಅವನ್ನು ಹೊಸದಾಗಿ ಕೊಡಬೇಕು.

ಪ್ರಿಂಟ್ ಒತ್ತಿದಾಗ ಕಡತ ಉಳಿಸುವ ಕಿಟಕಿ ತೆರೆದರೆ ‘ಪ್ರಿಂಟ್ ಟು ಪಿಡಿಎಫ್’ ಆಯ್ಕೆಯಾಗಿದೆ, ಅಷ್ಟೇ. ‘ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡೀಫಾಲ್ಟ್ ಪ್ರಿಂಟರ್’ ಎಂಬುದನ್ನು ಆಫ್ ಮಾಡಿ ನಿಮ್ಮ ಪ್ರಿಂಟರನ್ನೇ ಖಾಯಂ ಮಾಡಿಕೊಳ್ಳಿ.

ಒಬ್ಬರ ಕಂಪ್ಯೂಟರಿನ ಪ್ರಿಂಟರ್ ಎಲ್ಲರಿಗೂ

ಕಚೇರಿಗಳಲ್ಲಿ ಒಂದು ಕಂಪ್ಯೂಟರಿಗೆ ಯುಎಸ್‌ಬಿ ತಂತಿಯಿಂದ ಪ್ರಿಂಟರ್ ಜೋಡಿಸಿ ಉಳಿದವರಿಗೆ ಹಂಚಿಕೊಡುವ ಪದ್ಧತಿ ಇನ್ನೂ ಇದೆ. ಆ ಕಂಪ್ಯೂಟರು ಆಫ್ ಆದರೆ, ನಿದ್ದೆಗೆ ಹೋದರೆ, ಎಲ್ಲರ ಮುದ್ರಣವೂ ನಿಲ್ಲುತ್ತದೆ. ಅದರ ನೆಟ್‌ವರ್ಕ್ ‘ಪಬ್ಲಿಕ್’ ಎಂದಿದ್ದರೆ ‘ಪ್ರೈವೇಟ್’ ಮಾಡಬೇಕು. 2021ರ ಜುಲೈನಲ್ಲಿ ಸ್ಪೂಲರಿನಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಎಂಬ ಗಂಭೀರ ಭದ್ರತಾ ದೋಷ ಬಯಲಾಯಿತು. ಆ ವರ್ಷ ಮೈಕ್ರೋಸಾಫ್ಟ್ ಹೊರಡಿಸಿದ ಭದ್ರತಾ ಅಪ್‌ಡೇಟ್‌ಗಳ ನಂತರ ಹಂಚಿಕೊಂಡ ಪ್ರಿಂಟರುಗಳಿಗೆ ಸೇರಲು ಹೋದಾಗ 11ಬಿ ಎಂದು ಕೊನೆಯಾಗುವ ದೋಷಸಂಖ್ಯೆ ಅನೇಕರಿಗೆ ಎದುರಾಯಿತು. ಅಪ್‌ಡೇಟ್ ಕಿತ್ತುಹಾಕಿ, ರಿಜಿಸ್ಟ್ರಿಯಲ್ಲಿ ಭದ್ರತೆ ಇಳಿಸಿ ಎಂದು ಹೇಳಿಕೊಡುವವರು ಈಗಲೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡೂ ಕಂಪ್ಯೂಟರುಗಳನ್ನು ಪೂರ್ತಿ ಅಪ್‌ಡೇಟ್ ಮಾಡಿ; ಪ್ರಿಂಟರಿನಲ್ಲಿ ವೈಫೈ ಅಥವಾ ನೆಟ್‌ವರ್ಕ್ ತಂತಿಯ ಕಿಂಡಿ ಇದ್ದರೆ ನೇರವಾಗಿ ರೂಟರಿಗೆ ಜೋಡಿಸಿ.

ಪುಟ ಬಂತು, ಕನ್ನಡ ಬರಲಿಲ್ಲ

ಇದು ನಮ್ಮ ಭಾಷೆಗಳಲ್ಲಿ ಬರೆಯುವವರ ಕಷ್ಟ. ಯುನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ ಪತ್ರವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೊಂದಲವೇ ಕಾಣುತ್ತದೆ, ಅದೇ ಮುದ್ರಣವಾಗುತ್ತದೆ. ಪ್ರಿಂಟರನ್ನು ದೂರಬೇಡಿ, ಫಾಂಟ್ ಹಾಕಿ. ತೆರೆಯ ಮೇಲೆ ಸರಿಯಾಗಿದ್ದು ಹಾಳೆಯಲ್ಲಿ ಮಾತ್ರ ಒತ್ತಕ್ಷರಗಳು ಚದುರಿದ್ದರೆ ಕಡತವನ್ನು ಪಿಡಿಎಫ್ ಮಾಡಿ, ಅಡೋಬಿ ರೀಡರಿನ ಮುದ್ರಣ ಕಿಟಕಿಯಲ್ಲಿ ‘ಅಡ್ವಾನ್ಸ್ಡ್’ ಒತ್ತಿ, ‘ಪ್ರಿಂಟ್ ಆ್ಯಸ್ ಇಮೇಜ್’ ಗುರುತು ಹಾಕಿ. ಆಗ ಕಂಪ್ಯೂಟರು ಪುಟವನ್ನು ಚಿತ್ರವಾಗಿ ಕಳುಹಿಸುತ್ತದೆ. ನಿಧಾನವಾದರೂ ಅಕ್ಷರ ಕೆಡುವುದಿಲ್ಲ.

ಪ್ರಿಂಟರ್ ದೀಪ ಮಿನುಗಿಸುತ್ತಾ ಸುಮ್ಮನೆ ನಿಂತಿದ್ದರೆ ಕಾಗದದ ಅಳತೆ ನೋಡಿ. ಟ್ರೇಯಲ್ಲಿ ಎ4 ಇದ್ದು ಕಡತದಲ್ಲಿ ‘ಲೆಟರ್’ ಎಂದಿದ್ದರೆ ಅದು ಆ ಅಳತೆಯ ಹಾಳೆಗಾಗಿ ಕಾಯುತ್ತಿರುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಆಗದಿದ್ದರೆ ಆಗ ಡ್ರೈವರ್ ತೆಗೆಯಿರಿ. ಪಟ್ಟಿಯಲ್ಲಿರುವ ‘ಕಾಪಿ’ಗಳನ್ನೆಲ್ಲ ಅಳಿಸಿ, ತಯಾರಕರ ಜಾಲತಾಣದಿಂದಲೇ ಹೊಸ ಡ್ರೈವರ್ ತಂದು ಹಾಕಿ. ಹುಡುಕಿದಾಗ ಮೇಲೆ ಕಾಣುವ ಸಹಾಯವಾಣಿಯ ಜಾಹೀರಾತು ಸಂಖ್ಯೆಗಳಿಗೆ ಕರೆ ಮಾಡಿ ನಿಮ್ಮ ಕಂಪ್ಯೂಟರನ್ನು ಅಪರಿಚಿತರ ಕೈಗೆ ಕೊಡಬೇಡಿ.

ಶಾಲೆಯಲ್ಲಿ ಅಂದು ಪೋರ್ಟ್ ಬದಲಾಯಿಸಿ, ರೂಟರಿನಲ್ಲಿ ವಿಳಾಸ ಕಾದಿರಿಸಿದ ಮೇಲೆ ಗುಮಾಸ್ತರು ಒಂದು ಚೀಟಿಯಲ್ಲಿ ಆ ಸಂಖ್ಯೆಯನ್ನೂ ವೈಫೈ ಹೆಸರನ್ನೂ ಬರೆದು ಪ್ರಿಂಟರಿನ ಪಕ್ಕೆಗೆ ಅಂಟಿಸಿದರು. ಪ್ರವೇಶಪತ್ರಗಳು ಊಟದ ಗಂಟೆಗೆ ಮೊದಲೇ ಮಕ್ಕಳ ಕೈ ಸೇರಿದವು.