ಟಿಫನ್ ಎಲ್ಲಿಂದ ಬಂತು? ಹಳೇ ಇಂಗ್ಲಿಷ್ ಪದದ ಜಾಡು ಹಿಡಿಯೋದು ಹೇಗೆ

ಬೆಂಗಳೂರಲ್ಲಿ ಬೆಳಿಗ್ಗೆ ಹೊತ್ತು ಯಾವ ದರ್ಶಿನಿ ಮುಂದೆ ನಿಂತ್ರೂ ಟಿಫನ್ ಅನ್ನೋ ಪದ ಕಿವಿಗೆ ಬಿದ್ದೇ ಬೀಳುತ್ತೆ, ನಾವು ಅದನ್ನ ನಮ್ದೇ ಪದ ಅನ್ನೋ ಥರ ಬಳಸ್ತೀವಿ, ಆದ್ರೆ ಅದರ ಬುಡದಲ್ಲಿರೋದು ಟಿಫ್ ಅನ್ನೋ ಹಳೇ ಇಂಗ್ಲಿಷ್ ಪದ. ಅರ್ಥ ಒಂದು ಗುಟುಕು ಮದ್ಯ, ಅದೂ ಅಂಥ ಒಳ್ಳೇ ಮದ್ಯ ಏನಲ್ಲ. ಆ ಅರ್ಥದಲ್ಲಿ ಇಂಗ್ಲೆಂಡಲ್ಲೇ ಈಗ ಯಾರೂ ಅದನ್ನ ಬಳಸಲ್ಲ. ಮದ್ಯದ ಗುಟುಕು ಹೋಗಿ ಇಡ್ಲಿ ವಡೆ ಆಗಿದ್ದು ಹೇಗೆ ಅಂತ ಹುಡುಕೋಕೆ ಇಂಗ್ಲಿಷ್ ಎಂ.ಎ. ಏನೂ ಬೇಕಾಗಿಲ್ಲ, ಒಂದು ಫೋನು, ಒಂದು ನೋಟ್‌ಬುಕ್ಕು, ತಾಳ್ಮೆ ಇದ್ರೆ ಸಾಕು. ಟಿಫನ್ನನ್ನೇ ಉದಾಹರಣೆಯಾಗಿ ಇಟ್ಕೊಂಡು ಹೇಳ್ತೀನಿ, ಇದೇ ದಾರೀಲಿ ಬೇರೆ ಯಾವ ಪದ ಬೇಕಾದ್ರೂ ಹುಡುಕ್ಬಹುದು.

ಡಿಕ್ಷನರಿ ತೆಗೆಯೋಕೆ ಮುಂಚೆ ಇವತ್ತು ಆ ಪದಕ್ಕೆ ಎಲ್ಲೆಲ್ಲಿ ಏನೇನು ಅರ್ಥ ಇದೆ ಅಂತ ಬರ್ಕೊಳ್ಳಿ. ಇದನ್ನ ಸುಮಾರು ಜನ ಬಿಟ್ಬಿಡ್ತಾರೆ, ಬಿಡಬೇಡಿ. ನಮ್ಮಲ್ಲಿ ಟಿಫನ್ ಅಂದ್ರೆ ಬೆಳಿಗ್ಗೆ ತಿಂಡಿ, ಹಾಗೇ ಸಾಯಂಕಾಲ ಕಾಫಿ ಜೊತೆ ತಿನ್ನೋದೂ ಟಿಫನ್ನೇ. ಮುಂಬೈಯಲ್ಲಿ ಆಫೀಸಿಗೆ ಹೋಗೋ ಮಧ್ಯಾಹ್ನದ ಊಟದ ಡಬ್ಬಿ. ಸ್ಕೂಲ್ ಮಕ್ಕಳ ಮನೇಲಿ ಟಿಫನ್ ತೊಳೆದಿಟ್ಟೆ ಅಂದ್ರೆ ಡಬ್ಬಿ ತೊಳೆದಿಟ್ಟೆ ಅಂತ, ಅಲ್ಲಿ ತಿನ್ನೋ ವಸ್ತುವಿನ ಹೆಸರು ಪಾತ್ರೆಗೆ ಬಂದಿದೆ. ಬ್ರಿಟನ್ನಲ್ಲಿ ಈಗ ಟಿಫಿನ್ ಅಂತ ಕೇಳಿದ್ರೆ ಬಿಸ್ಕೆಟ್ ಪುಡಿ ಮಾಡಿ ಚಾಕೊಲೇಟ್ ಹಾಕಿ, ಓವನ್‌ಗೆ ಇಡದೇ ಮಾಡೋ ಒಂದು ಕೇಕ್ ಸಿಗುತ್ತೆ. ಹಿಂಗೆ ಬರ್ಕೊಂಡ್ರೆ ಹಳೇ ವಾಕ್ಯ ಒಂದು ಸಿಕ್ಕಾಗ ಅದಕ್ಕೆ ನಿಮ್ಮ ಇವತ್ತಿನ ಅರ್ಥವನ್ನ ಹಾಕಿ ಓದೋ ಅಭ್ಯಾಸ ತಪ್ಪುತ್ತೆ, ಯಾಕಂದ್ರೆ 1880ರ ಪುಸ್ತಕದಲ್ಲಿ ಟಿಫಿನ್ ಅಂತ ಇದ್ದ ತಕ್ಷಣ ಬೆಂಗಳೂರಿನವರ ತಲೇಲಿ ಬೆಳಿಗ್ಗೆ ಎಂಟು ಗಂಟೆ ಬಂದ್ಬಿಡುತ್ತೆ, ಅಲ್ಲಿ ಇರೋದು ಮಧ್ಯಾಹ್ನದ್ದು.

ಈಗ ಡಿಕ್ಷನರಿಗೆ ಬನ್ನಿ. ಅರ್ಥ ಮಾತ್ರ ಕೊಡೋ ಡಿಕ್ಷನರಿ ಈ ಕೆಲಸಕ್ಕೆ ಬರಲ್ಲ, ಯಾವ ವರ್ಷ ಯಾರು ಯಾವ ವಾಕ್ಯದಲ್ಲಿ ಬಳಸಿದ್ರು ಅಂತ ಕೊಡೋದು ಬೇಕು. ಇಂಗ್ಲಿಷಿಗೆ ಅಂಥದ್ದು ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ, ಮೊದಲ ಕಂತು 1884ರಲ್ಲಿ ಬಂದು ಮೊದಲ ಆವೃತ್ತಿ ಪೂರ್ತಿ ಆಗಿದ್ದು 1928ಕ್ಕೆ. ಆನ್‌ಲೈನ್ ಆವೃತ್ತಿಗೆ ದುಡ್ಡು ಕೊಡ್ಬೇಕು, ಹಳೇ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಫ್ರೀಯಾಗಿವೆ. ಭಾರತದ ನಂಟಿರೋ ಪದ ಆದ್ರೆ ಅದಕ್ಕೂ ಮೊದಲು ಹಾಬ್ಸನ್-ಜಾಬ್ಸನ್ ತೆಗೀರಿ, ಭಾರತದಲ್ಲಿದ್ದ ಇಂಗ್ಲಿಷರ ಬಾಯಲ್ಲಿ ಬರ್ತಿದ್ದ ಪದಗಳ ಡಿಕ್ಷನರಿ ಅದು. ಹೆನ್ರಿ ಯೂಲ್ ಮತ್ತೆ ಆರ್ಥರ್ ಬರ್ನೆಲ್ ಸೇರಿ ಮಾಡಿದ್ದು, 1886ರಲ್ಲಿ ಬಂತು, 1903ರಲ್ಲಿ ವಿಲಿಯಂ ಕ್ರೂಕ್ ಅದನ್ನ ತಿದ್ದಿ ಮತ್ತೆ ತಂದ್ರು. ಬರ್ನೆಲ್ ನಮ್ಮ ಮಂಗಳೂರು ಕಡೆ ಜಡ್ಜ್ ಆಗಿದ್ದೋರು, ತುಳುನಾಡಿನ ಭೂತಾರಾಧನೆ ಬಗ್ಗೆ ಕೂಡ ಕೆಲಸ ಮಾಡಿದ್ರು, ಪಾಪ ಈ ಡಿಕ್ಷನರಿ ಅಚ್ಚಾಗಿ ಬರೋದನ್ನ ನೋಡೋಕೆ ಅವ್ರು ಇರ್ಲಿಲ್ಲ, 1882ರಲ್ಲೇ ತೀರ್ಕೊಂಡ್ರು. ಶಿಕಾಗೋ ಯೂನಿವರ್ಸಿಟಿಯ ದಕ್ಷಿಣ ಏಷ್ಯಾ ಡಿಕ್ಷನರಿ ಸೈಟಲ್ಲಿ ಇಡೀ ಪುಸ್ತಕ ಹುಡುಕ್ಬಹುದು. ನನ್ನ ಕೇಳಿದ್ರೆ ಬೆಂಗಳೂರಲ್ಲಿ ಕೂತು ಪದ ಹುಡುಕೋರಿಗೆ ಇದಕ್ಕಿಂತ ಒಳ್ಳೇ ಪುಸ್ತಕ ಇನ್ನೊಂದಿಲ್ಲ.

ನೋಟ್‌ಬುಕ್ಕಲ್ಲಿ ಐದು ಕಾಲಂ ಹಾಕಿ: ವರ್ಷ, ವಾಕ್ಯ, ಊರು, ಯಾರು ಬರೆದಿದ್ದು, ಅಲ್ಲಿ ಆಗೋ ಅರ್ಥ. ಡಿಕ್ಷನರಿ ಹೇಳೋ ಮೂಲದ ಕಥೆಯನ್ನ ಇದರಲ್ಲಿ ಬರೀಬೇಡಿ, ವಾಕ್ಯ ಮಾತ್ರ. ಟಿಫನ್‌ಗೆ ಹಿಂಗೆ ತುಂಬುತ್ತಾ ಹೋದ್ರೆ ಏನು ಬರುತ್ತೆ ನೋಡಿ. ಹದಿನೇಳನೇ ಶತಮಾನದಲ್ಲಿ ಟಿಫ್ ಅಂದ್ರೆ ಮದ್ಯ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಡಿಕ್ಷನರಿಯಲ್ಲಿ ಟಿಫ್‌ಗೆ ಮೊದಲ ಅರ್ಥ ಕುಡಿಯೋ ಮದ್ಯ, ಎರಡನೇದು ಮುನಿಸು, ಜೊತೆಗೆ ಇದೊಂದು ಕೀಳು ಪದ ಅನ್ನೋ ಷರಾ ಬೇರೆ. 1785ರಲ್ಲಿ ಫ್ರಾನ್ಸಿಸ್ ಗ್ರೋಸ್ ಬೀದಿ ಭಾಷೆಗೇ ಅಂತ ಮಾಡಿದ ಡಿಕ್ಷನರಿಯಲ್ಲಿ ಟಿಫಿಂಗ್ ಬರುತ್ತೆ, ಊಟದ ಹೊತ್ತಲ್ಲದ ಹೊತ್ತಲ್ಲಿ ತಿನ್ನೋದು ಕುಡಿಯೋದು ಅಂತ, ಜಗಳ ಆಡೋದು ಅಂತ ಇನ್ನೊಂದು, ಮೂರನೇದು ಪೋಲಿ ಅರ್ಥ. ಆಮೇಲೆ 1810ರಲ್ಲಿ ಥಾಮಸ್ ವಿಲಿಯಮ್ಸನ್ ಅನ್ನೋರು ಭಾರತಕ್ಕೆ ಬರೋ ಈಸ್ಟ್ ಇಂಡಿಯಾ ಕಂಪನಿ ಜನಕ್ಕೆ ಬರೆದ ಕೈಪಿಡಿಯಲ್ಲಿ ಟಿಫಿಂಗ್ಸ್ ಅಂತ ಬಳಸ್ತಾರೆ, ಸಣ್ಣ ಊಟ ಅನ್ನೋ ಅರ್ಥದಲ್ಲಿ. ಈ 1810ರ ವಾಕ್ಯ ಬಹಳ ಮುಖ್ಯ, ಯಾಕಂದ್ರೆ ಇಲ್ಲಿ ಊರು ಭಾರತ, ಅರ್ಥ ಸಣ್ಣ ಊಟ, ಆದ್ರೆ ಕೊನೇಲಿ ಇರೋ ಗ ಇನ್ನೂ ಬಿದ್ದಿಲ್ಲ, ಅಂದ್ರೆ ಇಂಗ್ಲೆಂಡಿನ ಬೀದಿ ಪದಕ್ಕೂ ನಮ್ಮ ಟಿಫನ್‌ಗೂ ನಡುವಿನ ಕೊಂಡಿ ಕಣ್ಣೆದುರಿಗೇ ಇದೆ.

ಇಷ್ಟು ವಾಕ್ಯ ಸಾಲಾಗಿ ಬಂದ ಮೇಲೆ ಮೂಲದ ಕಥೆಗಳನ್ನ ಎದುರಿಗೆ ಇಡಿ. ಟಿಫನ್ ಅರಬ್ಬಿಯ ತಫನ್ನುನ್, ಅಂದ್ರೆ ಮನರಂಜನೆ, ಅನ್ನೋದ್ರಿಂದ ಬಂತು ಅಂತ ಒಂದು ಕಥೆ, ಚೀನೀ ಭಾಷೆಯಲ್ಲಿ ಅನ್ನ ಉಣ್ಣು ಅನ್ನೋ ಮಾತಿಂದ ಬಂತು ಅಂತ ಇನ್ನೊಂದು. ಯೂಲ್ ಎರಡನ್ನೂ ಒಪ್ಪಲ್ಲ, ಅರಬ್ಬಿ ಪದ ಊಟದ ಅರ್ಥದಲ್ಲಿ ಬಳಕೆಯಾಗಿದ್ದಕ್ಕೆ ಸಾಕ್ಷಿಯೇ ಇಲ್ಲ ಅಂತಾರೆ, ಚೀನೀ ತುಣುಕುಗಳಿಂದ ಯಾವ ಪದಕ್ಕೆ ಬೇಕಾದ್ರೂ ಮೂಲ ಹುಟ್ಟಿಸ್ಬಹುದು ಅಂತಾರೆ. ಈ ಪರೀಕ್ಷೆಯನ್ನ ನೀವು ಎಲ್ಲ ಕಡೆ ಮಾಡಿ: ಉಚ್ಚಾರ ಹೊಂದಿದ್ರೆ ಸಾಲದು, ನಡುವಿನ ವರ್ಷಗಳ ವಾಕ್ಯ ಬೇಕು. ಶ್ರೀಮಂತರ ಠೀವಿಗೆ ಹೇಳೋ ಪಾಶ್ (posh) ಅನ್ನೋ ಪದ ಹಡಗಿನ ಟಿಕೆಟ್ ಮೇಲೆ ಒತ್ತಿದ ನಾಲ್ಕು ಅಕ್ಷರದಿಂದ ಬಂತು ಅನ್ನೋ ವಾಟ್ಸಾಪ್ ಫಾರ್ವರ್ಡ್ ನಿಮಗೂ ಬಂದಿರುತ್ತೆ, ಅಂಥ ಒಂದು ಟಿಕೆಟ್ ಕೂಡ ಇವತ್ತಿನವರೆಗೆ ಯಾರಿಗೂ ಸಿಕ್ಕಿಲ್ಲ.

ಇನ್ನೂ ಹಳೇ ವಾಕ್ಯ ಬೇಕು ಅಂದ್ರೆ ಗೂಗಲ್ ಬುಕ್ಸಲ್ಲಿ ವರ್ಷದ ಮಿತಿ ಹಾಕಿ ಹುಡುಕಿ, ಆದ್ರೆ ಸ್ವಲ್ಪ ಹುಷಾರು. 1800ಕ್ಕೆ ಮುಂಚಿನ ಅಚ್ಚಿನಲ್ಲಿ ಎಸ್ ಅಕ್ಷರವನ್ನ ಪದದ ನಡುವೆ ಉದ್ದಕ್ಕೆ, ಹೆಚ್ಚುಕಮ್ಮಿ ಎಫ್ ಥರಾನೇ ಅಚ್ಚು ಹಾಕ್ತಿದ್ರು, ಕಂಪ್ಯೂಟರ್ ಅದನ್ನ ಎಫ್ ಅಂತಲೇ ಓದಿ ಟಿಶ್ಯೂ ಅನ್ನೋದನ್ನ ಟಿಫ್ಯೂ ಮಾಡಿರುತ್ತೆ, ಹಾಗಾಗಿ ಪುಟದ ಫೋಟೋ ತೆಗೆದು ಕಣ್ಣಲ್ಲೇ ನೋಡಿ. ಟಿಫಿನ್ ಅನ್ನೋ ಮನೆತನದ ಹೆಸರು ಇಂಗ್ಲೆಂಡಲ್ಲಿದೆ, ಆ ಜನರೆಲ್ಲ ನಿಮ್ಮ ಹುಡುಕಾಟದಲ್ಲಿ ಬಂದು ಕೂರ್ತಾರೆ, ಅವ್ರನ್ನ ಬಿಟ್ಟು ಮುಂದೆ ಹೋಗಿ. ಪುಸ್ತಕದ ವರ್ಷವನ್ನೂ ನಂಬ್ಬೇಡಿ, ಪತ್ರಿಕೆಗಳಿಗೆ ಎಷ್ಟೋ ಸಲ ಶುರುವಾದ ವರ್ಷವನ್ನೇ ಎಲ್ಲ ಸಂಪುಟಕ್ಕೂ ಹಾಕಿರ್ತಾರೆ, ಟೈಟಲ್ ಪುಟ ನೋಡಿಯೇ ಬರ್ಕೊಳ್ಳಿ. ಪುಸ್ತಕಗಳಲ್ಲಿ ಪದ ಎಷ್ಟು ಬಂದಿದೆ ಅಂತ ವರ್ಷವಾರು ತೋರಿಸೋ ಗೂಗಲ್‌ನ ಎನ್‌ಗ್ರಾಮ್ ಗ್ರಾಫ್ ಬಳಕೆ ಹೆಚ್ಚಾಯ್ತಾ ಕಮ್ಮಿ ಆಯ್ತಾ ಅಂತ ಹೇಳುತ್ತೆ ಅಷ್ಟೆ, ಅರ್ಥ ಬದಲಾಗಿದ್ದು ಅದರಲ್ಲಿ ಕಾಣಲ್ಲ. ಮುನಿಸು ಅನ್ನೋ ಟಿಫ್ ಇಂಗ್ಲಿಷಲ್ಲಿ ಇವತ್ತಿಗೂ ಬದುಕಿದೆ, ಅದನ್ನ ಮದ್ಯದ ಟಿಫ್ ಜೊತೆ ಕಲಸದೇ ಬೇರೆ ಪುಟದಲ್ಲಿ ಇಡಿ.

ಇದೆಲ್ಲ ಆದ್ಮೇಲೆ ಕೇಳ್ಬೇಕಾದ ಪ್ರಶ್ನೆ ಅರ್ಥ ಯಾಕೆ ಬದಲಾಯ್ತು ಅನ್ನೋದು, ಇದಕ್ಕೆ ಉತ್ತರ ಡಿಕ್ಷನರಿ ಒಳಗಿಂತ ಹೊರಗೆ ಸಿಗೋದು ಜಾಸ್ತಿ. ಹದಿನೆಂಟನೇ ಶತಮಾನದಲ್ಲಿ ಇಂಗ್ಲಿಷರ ಡಿನ್ನರ್, ಅಂದ್ರೆ ದಿನದ ದೊಡ್ಡ ಊಟ, ಮಧ್ಯಾಹ್ನವೇ ಆಗೋಗ್ತಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಅದು ಜಾರುತ್ತಾ ಜಾರುತ್ತಾ ರಾತ್ರಿಗೆ ಹೋಯ್ತು. ಮಧ್ಯಾಹ್ನದ ಹೊತ್ತು ಖಾಲಿ ಆಯ್ತು, ಹೊಟ್ಟೆ ಕೇಳ್ಬೇಕಲ್ಲ, ಹೊತ್ತಲ್ಲದ ಹೊತ್ತಲ್ಲಿ ತಿನ್ನೋದಕ್ಕಿದ್ದ ಬೀದಿ ಪದ ಆ ಜಾಗಕ್ಕೆ ಬಂದು ಕೂತು ಮರ್ಯಾದಸ್ಥ ಪದ ಆಯ್ತು. ಅದಕ್ಕೇ ಹಾಬ್ಸನ್-ಜಾಬ್ಸನ್‌ನಲ್ಲಿ ಟಿಫಿನ್ ಅಂದ್ರೆ ಲಂಚ್. ಜಾನ್ಸನ್ ಕೀಳು ಅಂದ ಪದದ ಮಗಳು ನೂರು ವರ್ಷದೊಳಗೆ ದೊರೆಗಳ ಮೇಜಿಗೆ ಬಂದಿದ್ದು, ಈ ಕಥೆಯಲ್ಲಿ ನನಗೆ ತುಂಬಾ ಹಿಡಿಸೋ ಭಾಗ ಇದೇ. ನೀವು ಹುಡುಕೋ ಪದ ಊಟದ್ದಾದ್ರೆ ಊಟದ ಹೊತ್ತು ನೋಡಿ, ಬಟ್ಟೆಯದ್ದಾದ್ರೆ ವ್ಯಾಪಾರ ನೋಡಿ, ಕಚೇರಿಯದ್ದಾದ್ರೆ ಆಗಿನ ಆಡಳಿತ ನೋಡಿ.

ಮಧ್ಯಾಹ್ನದ ಲಂಚ್ ನಮ್ಮಲ್ಲಿ ತಿಂಡಿ ಆಗಿದ್ದು ಕನ್ನಡದ ಕಡೆಯ ಕೆಲಸ, ಇದನ್ನ ನೀವೇ ಹುಡುಕ್ಬೇಕು. ನಮ್ಮಲ್ಲಿ ಊಟ ಅಂದ್ರೆ ಅನ್ನ ಸಾರು, ಅದಕ್ಕೆ ಮುಂಚೆಯೋ ಆಮೇಲೋ ತಿನ್ನೋ ಅನ್ನ ಅಲ್ಲದ್ದೆಲ್ಲ ತಿಂಡಿ, ಹಾಗಾಗಿ ಸಣ್ಣ ಊಟ ಅನ್ನೋ ಅರ್ಥ ಹಿಡ್ಕೊಂಡು ಬಂದ ಪದಕ್ಕೆ ಇಲ್ಲಿ ಸಿಕ್ಕ ಜಾಗ ಊಟದ್ದಲ್ಲ, ತಿಂಡಿಯದ್ದು ಅಂತ ನಾನು ಓದ್ತೀನಿ. ಇದಕ್ಕೆ ವಾಕ್ಯ ಹುಡುಕೋಕೆ ಕಿಟೆಲ್ಲರ 1894ರ ನಿಘಂಟು ನೋಡಿ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು ನೋಡಿ, ಕಬ್ಬನ್ ಪಾರ್ಕಿನ ಸೆಂಟ್ರಲ್ ಲೈಬ್ರರಿ, ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಲೈಬ್ರರಿ ಎರಡಕ್ಕೂ ಹೋಗಿ ಹಳೇ ಪುಸ್ತಕ ಕೇಳಿ. ಬೋರ್ಡ್ ನೋಡಿ ವರ್ಷ ಹಾಕೋಕೆ ಹೋಗ್ಬೇಡಿ, ಮಾವಳ್ಳಿ ಟಿಫನ್ ರೂಮ್ ಶುರುವಾಗಿದ್ದು 1924ರಲ್ಲಿ ಅಂತ ಎಲ್ಲರಿಗೂ ಗೊತ್ತು, ಆದ್ರೆ ಆಗ ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್, ಟಿಫನ್ ಅನ್ನೋದು ಹೆಸರಿಗೆ ಸೇರಿದ್ದು ಆಮೇಲೆ. ಮನೇಲಿ ವಯಸ್ಸಾದೋರು ಇದ್ರೆ ಅವ್ರನ್ನೂ ಕೇಳಿ, ಆದ್ರೆ ಟಿಫನ್ ಅಂದ್ರೆ ಏನು ಅಂತ ಕೇಳ್ಬೇಡಿ, ಅಜ್ಜಿ ನೀವು ಚಿಕ್ಕೋರಿದ್ದಾಗ ಬೆಳಿಗ್ಗೆ ಏನು ತಿಂತಿದ್ರಿ, ಅದಕ್ಕೆ ಮನೇಲಿ ಏನಂತಿದ್ರು, ಹೋಟ್ಲಲ್ಲಿ ಏನಂತಿದ್ರು ಅಂತ ಕೇಳಿ, ಹೇಳಿದ್ದನ್ನ ಅವ್ರ ಮಾತಲ್ಲೇ ಊರಿನ ಹೆಸರು ಹಾಕಿ ಬರ್ಕೊಳ್ಳಿ.

ಟಿಫನ್ ಮುಗಿದ್ರೆ ಮುಂದಕ್ಕೆ ಪೆಟ್ಟಾ ತಗೊಳ್ಳಿ. ಕೋಟೆ ಹೊರಗಿನ ಊರಿಗೆ ಹಳೇ ಇಂಗ್ಲಿಷ್ ಪುಸ್ತಕಗಳಲ್ಲಿ ಬರೋ ಪದ, ನಮ್ಮ ಪೇಟೆಯೇ ಅದು. 1791ರ ಮಾರ್ಚಲ್ಲಿ ಕಾರ್ನ್‌ವಾಲಿಸ್ ಸೈನ್ಯ ಬೆಂಗಳೂರಲ್ಲಿ ಮೊದಲು ಪೇಟೆ ಹಿಡಿದು ಆಮೇಲೆ ಕೋಟೆ ಹಿಡಿದಿದ್ದನ್ನ ಬರೆದಿರೋ ಇಂಗ್ಲಿಷರ ವರದಿಗಳಲ್ಲಿ ಇದು ಸಿಗುತ್ತೆ, ಹಾಬ್ಸನ್-ಜಾಬ್ಸನ್‌ನಲ್ಲೂ ಇದೆ, ಮೊದಲ ವಾಕ್ಯಗಳನ್ನ ಅಲ್ಲಿಂದಲೇ ತೆಗೀಬಹುದು.