ಹಾಲ್‌ಗೆ ಬಂದ ಕಡಲು

ಕಾರವಾರದ ಹತ್ತಿರ, ಕಡಲ ದಂಡೆಯ ಮಾಜಾಳಿಯಲ್ಲಿ ರಜೆಗೆಂದು ಸಣ್ಣ ಮನೆ ಕಟ್ಟಿಸಿದೆವು. ಹಾಲ್ ಮತ್ತು ಜಗಲಿ ಒಂದೇ ಅನ್ನಿಸಬೇಕು ಅನ್ನೋದು ನನ್ನ ಹಟ. ಹೊಸ್ತಿಲಿಲ್ಲ, ನೆಲ ಒಂದೇ ಮಟ್ಟ, ಪಶ್ಚಿಮಕ್ಕೆ ಹನ್ನೆರಡು ಅಡಿ ಗಾಜಿನ ಜಾರುಬಾಗಿಲು. ಏಪ್ರಿಲ್‌ನಲ್ಲಿ ಸ್ವರ್ಗ. ಜೂನ್‌ನಲ್ಲಿ ಸೋಫಾ ಕೆಳಗೆ ನೀರು!

ಬಾಗಿಲ ಸಂದಿಗೆ ಸಿಲಿಕೋನ್ ಮೆತ್ತಿದೆ. ಸುಮ್ನೆ ದಂಡ. ಇಲ್ಲಿಯ ಮಳೆ ಮೇಲಿಂದ ಬೀಳೋದಿಲ್ಲ, ಗಾಳಿ ಜೊತೆ ಅಡ್ಡ ಬರುತ್ತದೆ. ಮೇಸ್ತ್ರಿ ನೋಡಿ ನಕ್ಕರು: "ಮನೆಯ ಮಾಡು ಎರಡೇ ಅಡಿ ಚಾಚಿದೆಯಲ್ಲ ಸರ್, ಹಳೇ ಮನೆ ನೋಡಿಲ್ವಾ?"

ಮಾಡನ್ನು ಆರು ಅಡಿಗೆ ಚಾಚಿದೆವು. ಜಗಲಿ ನೆಲ ಅಗೆದು, ಹತ್ತು ಅಡಿಗೆ ಒಂದೂವರೆ ಇಂಚಿನಂತೆ ಕಡಲ ಕಡೆಗೆ ಇಳಿಜಾರು ಕೊಟ್ಟೆವು. ಬಾಗಿಲ ಹೊರಗೇ ಉದ್ದಕ್ಕೆ ಚರಂಡಿ, ಮೇಲೆ ಜಾಲರಿ. ಹಾಗಾಗಿ ಬಾಗಿಲ ಬಳಿ ನೆಲದ ಮಟ್ಟ ಹಾಗೇ ಉಳಿಯಿತು.

ಬಾಗಿಲ ಚಕ್ರಗಳದ್ದು ಬೇರೆ ಕಥೆ. ಉಪ್ಪುಗಾಳಿಗೆ ಒಂದೇ ವರ್ಷದಲ್ಲಿ ತುಕ್ಕು. ಈಗ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಸಾಮಾನ್ಯವಾಗಿ ಬಳಸುವ 304 ದರ್ಜೆಯಲ್ಲಿಲ್ಲದ ಮಾಲಿಬ್ಡಿನಮ್ ಎಂಬ ಲೋಹ ಇದರಲ್ಲಿದೆ, ಉಪ್ಪಿಗೆ ಜಾಸ್ತಿ ತಡೆಯುತ್ತದೆ. ದುಬಾರಿ ಹೌದು. ಆದರೂ ತಿಂಗಳಿಗೊಮ್ಮೆ ಸಿಹಿನೀರಲ್ಲಿ ತೊಳೆಯುತ್ತೇನೆ.

ಜುಲೈಯಲ್ಲಿ ಮಾತ್ರ ಜಗಲಿಗೆ ತೆಂಗಿನ ಗರಿಯ ತಟ್ಟಿ ಕಟ್ಟುತ್ತೇವೆ. ಆರ್ಕಿಟೆಕ್ಟ್‌ಗೆ ಅದರ ಫೋಟೋ ಕಳಿಸಿಲ್ಲ.