ಹಿಮಸಾರಂಗದ ಕೊಂಬಿಗೆ ಅಲಗು ಕೂರಿಸುವುದು

ನಾನಿರುವುದು ಫಿನ್‌ಲೆಂಡಿನ ಔಲುವಿನಲ್ಲಿ. ಇಲ್ಲಿ ಬೇಟೆಗೆ ಹೋಗುವವರ ಸೊಂಟದಲ್ಲಿ ‘ಪೂಕ್ಕೊ’ ಅನ್ನೋ ಚಿಕ್ಕ ಚಾಕು ಇದ್ದೇ ಇರುತ್ತದೆ. ಅದನ್ನು ಹಿಮಸಾರಂಗದ ಕೊಂಬಿನ ಹಿಡಿ ಹಾಕಿ ಮಾಡುವ ಬಗೆ ಹೇಳುತ್ತೇನೆ. ಆದರೆ ಊರಲ್ಲಿ ಮಾಡಲು ಹೋಗಬೇಡಿ. ಭಾರತದ 1972ರ ವನ್ಯಜೀವಿ ಕಾಯ್ದೆ ಇದೆಯಲ್ಲ, ಕಾಡಲ್ಲಿ ತಾನಾಗೇ ಉದುರಿದ ಕಡವೆ ಕೊಂಬನ್ನೂ ಮನೆಗೆ ತರುವಂತಿಲ್ಲ. ಇಲ್ಲಿ ಹಿಮಸಾರಂಗಕ್ಕೆ ನಮ್ಮ ದನದ ಹಾಗೆ ಯಜಮಾನ ಇರುತ್ತಾನೆ, ಕೊಂಬು ಅಂಗಡಿಯಲ್ಲೇ ಸಿಗುತ್ತದೆ.

ನಾವು ಎಲ್ಲದಕ್ಕೂ ಕೊಂಬು ಅಂತೀವಿ, ಅಲ್ವಾ? ಎಮ್ಮೆ ಕೊಂಬು ಉಗುರಿನ ಜಾತಿ. ಇದು ಮೂಳೆ, ವರ್ಷಕ್ಕೊಮ್ಮೆ ಉದುರಿ ಹೊಸದು ಬರುತ್ತದೆ. ಹೊರಗೆ ಗಟ್ಟಿ, ನಡುವೆ ರಸ್ಕಿನ ಹಾಗೆ ತೂತು ತೂತು. ಹಿಡಿ ಅಲ್ಲಾಡಿದರೆ ಈ ರಸ್ಕಿನಿಂದಲೇ.

ಮೊದಲ ಸಲಕ್ಕೆ ಕುಲುಮೆ ಗೋಜು ಬೇಡ. 9 ಸೆಂ.ಮೀ. ಕಾರ್ಬನ್ ಸ್ಟೀಲ್ ಅಲಗು ಕೊಂಡು ತನ್ನಿ. ಚೆನ್ನಾಗಿ ಒಣಗಿದ, ಆದಷ್ಟು ನೇರವಾದ 11 ಸೆಂ.ಮೀ. ಕೊಂಬು ಕೊಯ್ದುಕೊಳ್ಳಿ. ನಮ್ಮೂರ ಆಚಾರಿ ಅಲಗಿನ ಬಾಲ, ಅಂದರೆ ಹಿಡಿಯೊಳಗೆ ಹೋಗುವ ತುದಿ, ಕಾಯಿಸಿ ಮರದ ಹಿಡಿಗೆ ಸೀದಾ ಇಳಿಸಿಬಿಡುತ್ತಿದ್ದರು. ಕೊಂಬಿಗೆ ಅದು ಬೇಡ, ಸೀದು ಬಿರುಕು ಬಿಡುತ್ತದೆ.

ಬಾಲ ಎಲ್ಲಿಗೆ ಬರುತ್ತದೆ ಅಂತ ಕೊಂಬಿನ ಹೊರಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ನಾನು ಎಳೆಯಲಿಲ್ಲ. ಕೊಂಬು ಬಾಗಿತ್ತು, ಡ್ರಿಲ್ ನೇರ ಹೋಗಿ ಪಕ್ಕದಿಂದ ಹೊರಗೆ ಇಣುಕಿತು. ಅಕ್ಕಪಕ್ಕ ಎರಡು ಮೂರು ತೂತು ಕೊರೆದು, ಸಣ್ಣ ಅರದಿಂದ ಒಂದಾಗಿಸಿ. ಮಾಸ್ಕ್ ಹಾಕಿಯೇ ಕೊರೆಯಿರಿ. ಆ ಧೂಳು ಎದೆಗೆ ಒಳ್ಳೆಯದಲ್ಲ, ವಾಸನೆಯಂತೂ ಹಲ್ಲಿನ ಡಾಕ್ಟರ್ ಕೋಣೆಯದೇ.

ಮುಂದಿನ ಬಾಯಿಗೆ 3 ಮಿ.ಮೀ. ಹಿತ್ತಾಳೆ ತಗಡು. ಅದರ ಸೀಳನ್ನು ಬಾಲಕ್ಕಿಂತ ಒಂಚೂರು ಬಿಗಿಯಾಗೇ ಇಟ್ಟು, ಕೂರುವವರೆಗೆ ಅರ ಹಾಕಿ. ಬಾಲದ ಅಂಚಿಗೆ ನಾಲ್ಕೈದು ಕಚ್ಚು ಕೊಡಿ, ಅಲಗಿಗೆ ಟೇಪ್ ಸುತ್ತಿ.

ಈಗ ಎಪಾಕ್ಸಿ ಅಂಟು. ಡಬ್ಬಿಯನ್ನು ಸ್ವಲ್ಪ ಬಿಸಿನೀರಲ್ಲಿಟ್ಟರೆ ತೆಳ್ಳಗಾಗುತ್ತದೆ. ಮೊದಲು ಅರ್ಧ ಚಮಚ ಹುಯ್ದು ಕಾಯಿರಿ, ರಸ್ಕು ಕುಡಿಯುತ್ತದೆ. ಮಟ್ಟ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಮತ್ತೆ ಹುಯ್ಯಿರಿ. ಇಳಿಯುವುದು ನಿಂತ ಮೇಲೆ ಬಾಲ ತುರುಕಿ, ಉಕ್ಕಿದ್ದನ್ನು ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ. ಅಲಗು ಮೇಲೆ ಮಾಡಿ 24 ಗಂಟೆ ಮುಟ್ಟಬೇಡಿ. ಮಕ್ಕಳಿರುವ ಮನೆಯಾದರೆ ಅಲಗಿಗೆ ರಟ್ಟು ಸುತ್ತಿಡಿ.

ಕೈಗೆ ಚುಚ್ಚುವ ಕಡೆ ಮಾತ್ರ ಉಪ್ಪುಕಾಗದ ಉಜ್ಜಿ, 220 ನಂಬರಿನದು, ಆಮೇಲೆ 400, ಕೊನೆಗೆ 600. ಕಂದು ತರಿಯನ್ನೆಲ್ಲ ನುಣ್ಣಗೆ ಮಾಡಿದರೆ ಪ್ಲಾಸ್ಟಿಕ್ ಥರ ಕಾಣುತ್ತದೆ. ಮೇಲೆ ಅಗಸೆ ಎಣ್ಣೆ ಒರೆಸಿದರೆ ಸಾಕು. ಸಿಂಕಿನಲ್ಲಿ ನೆನೆಹಾಕಬೇಡಿ.

ನನ್ನದು ಬೇಟೆ ಕಂಡಿಲ್ಲ. ಸೆಪ್ಟೆಂಬರಿನಲ್ಲಿ ಅಣಬೆ ಕೊಯ್ಯುತ್ತದೆ.